ಸಿಎಫ್‌ಡಿ ಸಿಮ್ಯುಲೇಶನ್‌ನಲ್ಲಿ ಕಣದ ವೇಗ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಎಫ್‌ಡಿ, ಅಂದರೆ ಗಾಳಿ ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಿಮ್ಯುಲೇಶನ್, ಮುಗಿದಿದೆ. ತೆರೆಯ ಮೇಲೆ ಕಣಗಳು ಬಣ್ಣಬಣ್ಣವಾಗಿ ಓಡುತ್ತಿವೆ. ಆಗ ಯಾರೋ ಬಂದು "ಕಣದ ವೇಗ ಎಷ್ಟು ಬಂತು?" ಅಂತ ಕೇಳುತ್ತಾರೆ, ಒಂದೇ ಒಂದು ಸಂಖ್ಯೆ ಹೇಳಿದರೆ ಕೆಲಸ ಮುಗಿಯಿತು ಅನ್ನುವ ಹಾಗೆ. ಅದೇ ಫೈಲನ್ನು ಮೂರು ಜನರ ಕೈಗೆ ಕೊಟ್ಟು ನೋಡಿ. ಮೂರು ಬೇರೆ ಬೇರೆ ಸಂಖ್ಯೆ ಬರುತ್ತವೆ, ಮೂವರ ಲೆಕ್ಕದಲ್ಲೂ ತಪ್ಪಿರುವುದಿಲ್ಲ. ಯಾರ ವೇಗ, ಎಲ್ಲಿ ನಿಂತು ನೋಡಿದ್ದು, ಹೇಗೆ ಸರಾಸರಿ ಮಾಡಿದ್ದು ಅನ್ನುವುದು ಬೇರೆಯಾಗಿರುತ್ತದೆ ಅಷ್ಟೇ. ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಕಣದ ವೇಗ ಅಂದರೆ ಯಾವ ವೇಗ?

ಕನಿಷ್ಠ ನಾಲ್ಕಿವೆ. ಕಣ ತಾನು ಓಡುವ ವೇಗ ಒಂದು. ಆ ಕಣ ಇರುವ ಜಾಗದಲ್ಲಿ ಗಾಳಿಯ ಅಥವಾ ನೀರಿನ ವೇಗ ಇನ್ನೊಂದು. ಇವೆರಡರ ವ್ಯತ್ಯಾಸಕ್ಕೆ ಸ್ಲಿಪ್ ವೇಗ ಅನ್ನುತ್ತಾರೆ, ಡ್ರ್ಯಾಗ್ (ಹರಿವು ಕಣವನ್ನು ಎಳೆಯುವ ಅಥವಾ ತಡೆಯುವ ಬಲ) ಲೆಕ್ಕಕ್ಕೆ ಬೇಕಾಗುವುದು ಇದೇ. ನಾಲ್ಕನೆಯದು ಒಂದು ಜಾಗದಲ್ಲಿರುವ ಎಲ್ಲ ಕಣಗಳ ಸರಾಸರಿ ವೇಗ. ಫಲಿತಾಂಶ ನೋಡುವ ಪೋಸ್ಟ್ ಪ್ರೊಸೆಸಿಂಗ್ ಮೆನುವಿನಲ್ಲಿ ಇವುಗಳ ಹೆಸರು ಅಕ್ಕಪಕ್ಕದಲ್ಲೇ ಇರುತ್ತವೆ, ಅವಸರದಲ್ಲಿ ಫ್ಲೂಯಿಡ್ (ಗಾಳಿ ಅಥವಾ ನೀರು) ವೇಗವನ್ನೇ ಕ್ಲಿಕ್ ಮಾಡಿ ಕಣದ ವೇಗ ಅಂತ ಗ್ರಾಫ್ ಹಾಕಿದವರು ಬೇಕಾದಷ್ಟು ಜನ ಇದ್ದಾರೆ.

ಕಣ ಒತ್ತಾಗಿ ತುಂಬಿದ ಬೆಡ್‌ಗಳಲ್ಲಿ ಇನ್ನೊಂದು ಗೊಂದಲ. ಅಲ್ಲಿ ಅನಿಲದ ವೇಗವನ್ನು ಎರಡು ರೀತಿ ಹೇಳುತ್ತಾರೆ. ಕೊಳವೆ ಪೂರ್ತಿ ಖಾಲಿ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅದು ಸೂಪರ್‌ಫಿಶಿಯಲ್ ವೇಗ. ಕಣಗಳ ಸಂದಿಯಲ್ಲಿ ನಿಜವಾಗಿ ಹರಿಯುವುದು ಇಂಟರ್‌ಸ್ಟಿಶಿಯಲ್ ವೇಗ. ಸೂಪರ್‌ಫಿಶಿಯಲ್ 0.2 ಮೀ/ಸೆ ಇದ್ದು, ಖಾಲಿ ಜಾಗದ ಪಾಲು 0.4 ಇದ್ದರೆ ಸಂದಿಯೊಳಗೆ 0.5 ಮೀ/ಸೆ. ಸ್ಲಿಪ್ ಲೆಕ್ಕ ಹಾಕುವಾಗ ಇವೆರಡನ್ನು ಅದಲುಬದಲು ಮಾಡಿದರೆ ಎರಡೂವರೆ ಪಟ್ಟು ತಪ್ಪು.

ವೇಗದ ಪರಿಮಾಣವನ್ನು ಸರಾಸರಿ ಮಾಡಿದರೆ ಸಾಕಲ್ವಾ?

ಸಾಲದು. ಶಾಲೆಯ ಪುಸ್ತಕದಲ್ಲಿ ಜವ ಮತ್ತು ವೇಗ ಅಂತ ಎರಡು ಪದ ಕಲಿತಿದ್ದೆವು, ಆಮೇಲೆ ಮಾತಿನಲ್ಲಿ ಎರಡಕ್ಕೂ ವೇಗ ಅಂತಲೇ ಅನ್ನತೊಡಗಿದೆವು. ಇಲ್ಲಿ ಆ ವ್ಯತ್ಯಾಸ ವಾಪಸ್ ಬಂದು ಕಾಡುತ್ತದೆ. ಅರ್ಧ ಕಣಗಳು 1 ಮೀ/ಸೆ ಮೇಲಕ್ಕೆ, ಇನ್ನರ್ಧ 1 ಮೀ/ಸೆ ಕೆಳಕ್ಕೆ ಹೋಗುತ್ತಿದ್ದರೆ ಸರಾಸರಿ ಜವ 1, ಸರಾಸರಿ ವೇಗ ಸೊನ್ನೆ. ಎರಡೂ ನಿಜ. ಸಾಗಣೆ ಎಷ್ಟಾಗುತ್ತಿದೆ ಅಂತ ತಿಳಿಯಬೇಕಿದ್ದರೆ ಎಕ್ಸ್, ವೈ, ಜೆಡ್ ಭಾಗಗಳನ್ನು ಬೇರೆ ಬೇರೆ ಸರಾಸರಿ ಮಾಡಿ, ಪರಿಮಾಣವನ್ನು ಕೊನೆಯಲ್ಲಿ ತೆಗೆಯಿರಿ. ಈ ಕ್ರಮ ತಿರುಗಿಸಿದರೆ ಉತ್ತರ ಯಾವಾಗಲೂ ಜಾಸ್ತಿಯ ಕಡೆಗೇ ವಾಲುತ್ತದೆ.

ಸ್ಟ್ರೀಮ್‌ಲೈನ್ ಮೇಲಿನ ವೇಗವನ್ನೇ ಕಣದ ವೇಗ ಅನ್ನಬಹುದಾ?

ಕಣ ಎಷ್ಟು ಹಗುರ ಅನ್ನುವುದರ ಮೇಲೆ ನಿಂತಿದೆ. ಪ್ಯಾರಾವ್ಯೂನಂಥ ಸಾಧನದಲ್ಲಿ ಸ್ಟ್ರೀಮ್ ಟ್ರೇಸರ್ ಎಳೆದ ಗೆರೆ, ಅಂದರೆ ಸ್ಟ್ರೀಮ್‌ಲೈನ್, ತೂಕವೇ ಇಲ್ಲದ ಚುಕ್ಕೆಯ ದಾರಿ. ಅದರಲ್ಲೂ ಅದು ಒಂದು ಕ್ಷಣದ ಚಿತ್ರ. ಹರಿವು ಸಮಯದ ಜೊತೆ ಬದಲಾಗುತ್ತಿದ್ದರೆ ತೂಕವಿಲ್ಲದ ಚುಕ್ಕೆಯೂ ಆ ಗೆರೆಯ ಮೇಲೆ ಹೋಗುವುದಿಲ್ಲ.

ನಿಜವಾದ ಕಣಕ್ಕೆ ಫ್ಲೂಯಿಡ್‌ನ ವೇಗಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಇದನ್ನು ರಿಲ್ಯಾಕ್ಸೇಶನ್ ಟೈಮ್ ಅನ್ನುತ್ತಾರೆ. ಸಣ್ಣ ರೆನಾಲ್ಡ್ಸ್ ಸಂಖ್ಯೆಯಲ್ಲಿ (ಕಣ ಸಣ್ಣದು, ಸ್ಲಿಪ್ ಕಡಿಮೆ ಇದ್ದಾಗ) ಲೆಕ್ಕ ಸುಲಭ: ಕಣದ ಸಾಂದ್ರತೆಯನ್ನು ವ್ಯಾಸದ ವರ್ಗದಿಂದ ಗುಣಿಸಿ, 18 ಪಟ್ಟು ಸ್ನಿಗ್ಧತೆಯಿಂದ ಭಾಗಿಸಿ. ಗಾಳಿಯಲ್ಲಿ 10 ಮೈಕ್ರಾನ್ ನೀರಹನಿಗೆ ಇದು ಸುಮಾರು 0.3 ಮಿಲಿಸೆಕೆಂಡ್. ವ್ಯಾಸ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು, ಅಂದರೆ 100 ಮೈಕ್ರಾನ್ ಹನಿಗೆ ಸುಮಾರು 30 ಮಿಲಿಸೆಕೆಂಡ್.

ಈ ಸಮಯವನ್ನು ಹರಿವಿನ ಸಮಯದಿಂದ ಭಾಗಿಸಿದರೆ ಸಿಗುವುದು ಸ್ಟೋಕ್ಸ್ ಸಂಖ್ಯೆ. 10 ಮೀ/ಸೆ ಗಾಳಿ 10 ಸೆಂಟಿಮೀಟರ್ ಅಗಲದ ಅಡ್ಡಿಯನ್ನು ಸುತ್ತಿ ಹೋಗುತ್ತಿದೆ ಅಂದುಕೊಳ್ಳಿ. ಹರಿವಿನ ಸಮಯ 10 ಮಿಲಿಸೆಕೆಂಡ್. 10 ಮೈಕ್ರಾನ್ ಹನಿಯ ಸ್ಟೋಕ್ಸ್ ಸಂಖ್ಯೆ 0.03, ಅದು ಗಾಳಿ ತಿರುಗಿದ ಹಾಗೆ ತಿರುಗುತ್ತದೆ. 100 ಮೈಕ್ರಾನ್ ಹನಿಯದ್ದು 3, ಅದು ಗಾಳಿಯ ಮಾತು ಕೇಳುವುದಿಲ್ಲ, ನೆಟ್ಟಗೆ ಹೋಗಿ ಬಡಿಯುತ್ತದೆ. 0.1ಕ್ಕಿಂತ ಕಡಿಮೆ ಇದ್ದರೆ ಫ್ಲೂಯಿಡ್ ವೇಗವನ್ನೇ ಕಣದ ವೇಗ ಅಂದುಕೊಳ್ಳಬಹುದು, ತಪ್ಪು ಒಂದು ಶೇಕಡಾ ಆಸುಪಾಸಿನೊಳಗೆ ಇರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಕಣವನ್ನು ಕಣವಾಗಿಯೇ ಟ್ರ್ಯಾಕ್ ಮಾಡಿ.

ಸೇವ್ ಆದ ಸ್ಥಾನಗಳ ವ್ಯತ್ಯಾಸವನ್ನು ಸಮಯದಿಂದ ಭಾಗಿಸಿ ವೇಗ ತೆಗೆದೆ. ಸಾಲ್ವರ್ (ಲೆಕ್ಕ ಹಾಕುವ ಪ್ರೋಗ್ರಾಂ) ಕೊಟ್ಟ ವೇಗಕ್ಕಿಂತ ಕಡಿಮೆ ಬರುತ್ತಿದೆ, ಯಾಕೆ?

ಕಣ ನೆಟ್ಟಗೆ ಹೋಗಿಲ್ಲ, ನೀವು ನೆಟ್ಟಗೆ ಅಳೆದಿದ್ದೀರಿ. ಒಂದೇ ವೇಗದಲ್ಲಿ ವೃತ್ತದಲ್ಲಿ ಸುತ್ತುವ ಕಣವನ್ನು ಕಾಲು ಸುತ್ತಿಗೊಮ್ಮೆ ಸೇವ್ ಮಾಡಿದರೆ ಈ ಲೆಕ್ಕ ಹತ್ತು ಶೇಕಡಾ ಕಡಿಮೆ ತೋರಿಸುತ್ತದೆ. ಪೂರ್ತಿ ಸುತ್ತಿಗೊಮ್ಮೆ ಸೇವ್ ಮಾಡಿದರೆ ಕಣ ಅಲ್ಲಾಡಿಯೇ ಇಲ್ಲ ಅನ್ನುತ್ತದೆ! ಸಾಲ್ವರ್ ಪ್ರತಿ ಕಣದ ಜೊತೆ ವೇಗವನ್ನೂ ಬರೆದಿಡುತ್ತದೆ, ಅದನ್ನೇ ಓದಿ. ಸ್ಥಾನದಿಂದ ವೇಗ ತೆಗೆಯಲು ಒಂದೇ ಒಳ್ಳೆಯ ಕಾರಣ ಇದೆ: ಕ್ಯಾಮೆರಾದಿಂದ ಅಳೆದ ಪ್ರಯೋಗಕ್ಕೆ ಹೋಲಿಸುವಾಗ, ಕ್ಯಾಮೆರಾದ ಎರಡು ಫ್ರೇಮ್‌ಗಳ ನಡುವಿನ ಸಮಯವನ್ನೇ ಇಟ್ಟುಕೊಂಡು ಬೇಕಂತಲೇ ಹಾಗೆ ಮಾಡುವುದು.

ಪೀರಿಯಾಡಿಕ್ ಬೌಂಡರಿ ಇದ್ದರೆ ಇನ್ನೂ ತಮಾಷೆ. ಕಣ ಈ ಕಡೆಯಿಂದ ಹೊರಗೆ ಹೋಗಿ ಆ ಕಡೆಯಿಂದ ಒಳಗೆ ಬರುತ್ತದೆ, ವ್ಯತ್ಯಾಸದ ಲೆಕ್ಕಕ್ಕೆ ಅದು ಒಂದೇ ನೆಗೆತದಲ್ಲಿ ಇಡೀ ಡೊಮೇನ್ ಹಾರಿದ ಹಾಗೆ ಕಾಣುತ್ತದೆ. ಹಿಸ್ಟೋಗ್ರಾಮ್‌ನ ತುದಿಯಲ್ಲಿ ಒಂಟಿಯಾಗಿ ನಿಂತ ಸಣ್ಣ ಗುಡ್ಡ ಕಂಡರೆ ಮೊದಲು ಇದನ್ನು ನೋಡಿ. ಕಣಗಳ ಐಡಿ ಕೂಡ ಪರೀಕ್ಷಿಸಿ. ಸಮಾನಾಂತರವಾಗಿ ಓಡಿಸಿದಾಗ ಕೆಲವು ಕೋಡ್‌ಗಳಲ್ಲಿ ಪ್ರೊಸೆಸರ್ ಸಂಖ್ಯೆಯೂ ಸೇರಿದರೆ ಮಾತ್ರ ಐಡಿ ಪೂರ್ತಿಯಾಗುತ್ತದೆ. ಅದನ್ನು ಬಿಟ್ಟರೆ ಒಂದು ಕಣದ ಮೊದಲ ಸ್ಥಾನವನ್ನು ಇನ್ನೊಂದರ ಎರಡನೆಯ ಸ್ಥಾನಕ್ಕೆ ಕಟ್ಟಿಬಿಡುತ್ತೀರಿ.

ಪ್ಲೇನ್ (ಕಾಲ್ಪನಿಕ ಸಮತಲ) ದಾಟುವಾಗ ಅಳೆದರೆ ಒಂದು, ಡಬ್ಬಿಯೊಳಗೆ ಅಳೆದರೆ ಇನ್ನೊಂದು. ಯಾವುದು ಸರಿ?

ಎರಡೂ ಸರಿ. ಇದನ್ನು ಒಮ್ಮೆ ತಾಳ್ಮೆಯಿಂದ ಅರ್ಥಮಾಡಿಕೊಂಡರೆ ಮುಂದೆ ಬಹಳ ತಲೆನೋವು ತಪ್ಪುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಕೊಳವೆಯಲ್ಲಿ ಅರ್ಧ ಕಣಗಳು 1 ಮೀ/ಸೆ, ಅರ್ಧ ಕಣಗಳು 3 ಮೀ/ಸೆ ವೇಗದಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿವೆ, ಸಮವಾಗಿ ಹರಡಿಕೊಂಡಿವೆ. ಒಂದು ಕ್ಷಣ ನಿಲ್ಲಿಸಿ, ಒಂದು ತುಂಡಿನೊಳಗಿರುವ (ಇದೇ ಡಬ್ಬಿ) ಕಣಗಳನ್ನೆಲ್ಲ ಎಣಿಸಿ ಸರಾಸರಿ ಮಾಡಿ. 2 ಮೀ/ಸೆ ಬರುತ್ತದೆ. ಈಗ ಅಡ್ಡಲಾಗಿ ಒಂದು ಪ್ಲೇನ್ ಇಟ್ಟು, ದಾಟುವ ಪ್ರತಿ ಕಣದ ವೇಗ ಬರೆದುಕೊಳ್ಳಿ. ವೇಗದ ಕಣ ಮೂರು ಪಟ್ಟು ದೂರದಿಂದ ಬಂದು ದಾಟುತ್ತದೆ. ಹಾಗಾಗಿ ಒಂದು ನಿಧಾನದ ಕಣ ದಾಟುವಷ್ಟರಲ್ಲಿ ಮೂರು ವೇಗದ ಕಣಗಳು ದಾಟಿರುತ್ತವೆ. ಸರಾಸರಿ: ಒಂದು ಸಾರಿ 1, ಮೂರು ಸಾರಿ 3, ಒಟ್ಟು 10, ನಾಲ್ಕರಿಂದ ಭಾಗಿಸಿದರೆ 2.5. ಅವೇ ಕಣಗಳು, ಅದೇ ಹರಿವು, ಇಪ್ಪತ್ತೈದು ಶೇಕಡಾ ವ್ಯತ್ಯಾಸ. ರಸ್ತೆ ಬದಿಯಲ್ಲಿ ನಿಂತು ಗಾಡಿ ಎಣಿಸುವವನಿಗೂ, ಮೇಲಿಂದ ಒಂದು ಫೋಟೋ ತೆಗೆಯುವವನಿಗೂ ಇರುವ ವ್ಯತ್ಯಾಸವೇ ಇದು.

ಪ್ಲೇನಿನ ಮಾಹಿತಿಯಿಂದ ಡಬ್ಬಿಯ ಸರಾಸರಿ ಬೇಕೆಂದರೆ ಪ್ರತಿ ದಾಟುವಿಕೆಗೆ ಅದರ ಲಂಬ ವೇಗದ ವಿಲೋಮವನ್ನು ತೂಕವಾಗಿ ಕೊಡಿ. ಮೇಲಿನ ಉದಾಹರಣೆಯಲ್ಲಿ ನಾಲ್ಕು ದಾಟುವಿಕೆಗಳನ್ನು ವಿಲೋಮಗಳ ಮೊತ್ತದಿಂದ, ಅಂದರೆ ಒಂದು ಸೇರಿಸು ಮೂರು ಸಾರಿ ಮೂರನೇ ಒಂದು, ಒಟ್ಟು ಎರಡರಿಂದ ಭಾಗಿಸಿದರೆ ಸರಿಯಾಗಿ 2 ಬರುತ್ತದೆ. ಹಿಂದಕ್ಕೆ ದಾಟುವ ಕಣಗಳಿದ್ದರೆ ಚಿಹ್ನೆ ಮರೆಯಬೇಡಿ. ವೇಗ ಸೊನ್ನೆಯ ಹತ್ತಿರ ಇರುವ ಒಂದೆರಡು ಕಣ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗಬಹುದು, ಆಗ ಡಬ್ಬಿಯಲ್ಲಿ ನೇರವಾಗಿ ಅಳೆಯುವುದೇ ಮೇಲು.

ಇದು ಸಿಮ್ಯುಲೇಶನ್‌ನವರ ಕಾಯಿಲೆ ಮಾತ್ರ ಅಲ್ಲ. ಲೇಸರ್ ಡಾಪ್ಲರ್ ಮಾಪನದಲ್ಲೂ ವೇಗದ ಕಣಗಳು ಬೆಳಕಿನ ಬಿಂದುವನ್ನು ಜಾಸ್ತಿ ಸಾರಿ ದಾಟುತ್ತವೆ. ಮೆಕ್‌ಲಾಫ್ಲಿನ್ ಮತ್ತು ಟೀಡರ್‌ಮನ್ ಅನ್ನುವ ಸಂಶೋಧಕರು 1973ರಲ್ಲೇ ಇದನ್ನು ತೋರಿಸಿ ತಿದ್ದುಪಡಿ ಸೂಚಿಸಿದ್ದರು.

ಯಾವುದನ್ನು ಆರಿಸಬೇಕು ಅಂದರೆ, ಎಷ್ಟು ಸರಕು ಹೊರಗೆ ಹೋಗುತ್ತಿದೆ, ನಳಿಕೆಯ ಬಾಯಲ್ಲಿ ಏನಾಗುತ್ತಿದೆ ಅನ್ನುವುದಕ್ಕೆ ಪ್ಲೇನ್. ಒಳಗೆ ಕಣಗಳು ಹೇಗಿವೆ, ಡ್ರ್ಯಾಗ್ ಎಷ್ಟು, ಮಿಶ್ರಣ ಹೇಗಿದೆ ಅನ್ನುವುದಕ್ಕೆ ಡಬ್ಬಿ.

ಪಾರ್ಸೆಲ್ ಇದ್ದಾಗ ಸರಾಸರಿ ಹೇಗೆ?

ಫ್ಲೂಯೆಂಟ್ ಸಾಫ್ಟ್‌ವೇರ್‌ನ ಡಿಪಿಎಂ ಅನ್ನುವ ಕಣದ ಮಾದರಿ ಇರಲಿ, ಓಪನ್‌ಫೋಮ್ ಸಾಫ್ಟ್‌ವೇರ್‌ನ ಕ್ಲೌಡ್ ಅನ್ನುವ ಕಣದ ಗುಂಪುಗಳಿರಲಿ, ತೆರೆಯ ಮೇಲಿನ ಒಂದು ಚುಕ್ಕೆ ಸಾಮಾನ್ಯವಾಗಿ ಒಂದು ಕಣ ಅಲ್ಲ, ಒಂದೇ ಥರದ ಹಲವು ಕಣಗಳ ಮೂಟೆ, ಇದೇ ಪಾರ್ಸೆಲ್. ಚುಕ್ಕೆಗಳನ್ನು ಎಣಿಸಿ ಭಾಗಿಸಿದರೆ ಮೂಟೆಗಳ ಸರಾಸರಿ ಸಿಗುತ್ತದೆ, ಅದರಿಂದ ಯಾರಿಗೂ ಉಪಯೋಗ ಇಲ್ಲ.

ಎರಡು ಮೂಟೆ ತಗೊಳ್ಳಿ. ಮೊದಲನೆಯದರಲ್ಲಿ 1000 ಸಣ್ಣ ಕಣ, ವೇಗ 5 ಮೀ/ಸೆ. ಎರಡನೆಯದರಲ್ಲಿ 10 ದೊಡ್ಡ ಕಣ, ವ್ಯಾಸ ಹತ್ತು ಪಟ್ಟು, ವೇಗ 2 ಮೀ/ಸೆ. ಮೂಟೆಗಳ ಸರಾಸರಿ 3.5. ಕಣಗಳ ಸಂಖ್ಯೆಯಿಂದ ತೂಗಿದರೆ 4.97. ದ್ರವ್ಯರಾಶಿಯಿಂದ ತೂಗಿದರೆ 2.27, ಯಾಕೆಂದರೆ ಪ್ರತಿ ದೊಡ್ಡ ಕಣ ಸಾವಿರ ಸಣ್ಣ ಕಣಗಳಷ್ಟು ಭಾರ. ಆವೇಗ, ಸವೆತ, ಸಾಗಣೆ ಬೇಕಿದ್ದರೆ ದ್ರವ್ಯರಾಶಿಯ ತೂಕ. ಕಣ ಎಣಿಸುವ ಉಪಕರಣಕ್ಕೆ ಹೋಲಿಸುತ್ತಿದ್ದರೆ ಸಂಖ್ಯೆಯ ತೂಕ. ಗಾತ್ರಗಳಲ್ಲಿ ವೈವಿಧ್ಯ ಜಾಸ್ತಿ ಇದ್ದರೆ ಒಟ್ಟು ಸರಾಸರಿಯನ್ನೇ ಬಿಟ್ಟು, ಗಾತ್ರದ ಗುಂಪಿಗೊಂದು ಸರಾಸರಿ ಕೊಡುವುದು ಎಷ್ಟೋ ಪ್ರಾಮಾಣಿಕ.

ಕಣವೇ ಇಲ್ಲದ ಸೆಲ್‌ನಲ್ಲಿ (ಲೆಕ್ಕಕ್ಕಾಗಿ ಜಾಗವನ್ನು ಕತ್ತರಿಸಿದ ಸಣ್ಣ ತುಂಡು) ವೇಗ ಎಷ್ಟು?

ಇಲ್ಲ. ಸೊನ್ನೆ ಅಲ್ಲ, ಇಲ್ಲ. ಆದರೆ ಬಹಳ ಸ್ಕ್ರಿಪ್ಟ್‌ಗಳು ಖಾಲಿ ಸೆಲ್‌ಗೆ ಸೊನ್ನೆ ತುಂಬಿಬಿಡುತ್ತವೆ, ಆಮೇಲೆ ಆ ಸೊನ್ನೆಗಳೂ ಕಾಲದ ಸರಾಸರಿಯಲ್ಲಿ ಸೇರಿಕೊಳ್ಳುತ್ತವೆ. ನಾನೂ ಒಂದು ಸಾರಿ ಹೀಗೇ ಮಾಡಿದ್ದೆ. ಕೊಳವೆಯ ನಡುವೆ ಕಣ ವಿರಳ, ಅಲ್ಲಿ ವೇಗ ತಗ್ಗಿದ ಹಾಗೆ ಚೆಂದದ ಹಳ್ಳ ಕಾಣುತ್ತಿತ್ತು, ಅದಕ್ಕೆ ಭೌತಿಕ ಕಾರಣವನ್ನೂ ಹೊಸೆದು ಎರಡು ಪುಟ ಬರೆದಿದ್ದೆ. ಸೊನ್ನೆಗಳನ್ನು ತೆಗೆದ ಮೇಲೆ ಹಳ್ಳವೂ ಹೋಯಿತು, ಪುಟಗಳೂ ಹೋದವು. ಸ್ಕ್ರಿಪ್ಟ್‌ನಲ್ಲಿ ಮೊತ್ತವನ್ನೂ ಎಣಿಕೆಯನ್ನೂ ಬೇರೆ ಬೇರೆ ಕೂಡಿಸಿಟ್ಟುಕೊಂಡು, ಕೊನೆಯಲ್ಲಿ ಒಂದೇ ಸಾರಿ ಭಾಗಿಸಿದರೆ ಈ ತಾಪತ್ರಯವೇ ಇರುವುದಿಲ್ಲ.

ಆಯ್ಲೀರಿಯನ್ ಮಾದರಿಯಲ್ಲಿ ಕಣಗಳೇ ಕಾಣುವುದಿಲ್ಲ. ಅಲ್ಲಿ ಕಣದ ವೇಗ ಅಂದರೇನು?

ಎರಡು ಫ್ಲೂಯಿಡ್ ಮಾದರಿ ಅನ್ನುವುದೂ ಇದನ್ನೇ. ಅದರಲ್ಲಿ ಕಣಗಳ ಗುಂಪನ್ನೂ ಒಂದು ಫ್ಲೂಯಿಡ್ ಅಂತ ನೋಡುತ್ತಾರೆ. ಪ್ರತಿ ಸೆಲ್‌ನಲ್ಲಿ ಘನದ ಪಾಲು ಎಷ್ಟು, ಆ ಘನದ ಸರಾಸರಿ ವೇಗ ಎಷ್ಟು ಅಂತ ಎರಡು ಸಂಖ್ಯೆ ಇರುತ್ತವೆ. ಒಂದೊಂದು ಕಣ ಸರಾಸರಿಯ ಸುತ್ತ ಎಷ್ಟು ಕುಣಿಯುತ್ತಿದೆ ಅನ್ನುವುದು ಗ್ರ್ಯಾನ್ಯುಲಾರ್ ಟೆಂಪರೇಚರ್ ಅನ್ನುವ ಬೇರೆ ರಾಶಿಯಲ್ಲಿ ಇರುತ್ತದೆ. ಹೆಸರಿನಲ್ಲಿ ಟೆಂಪರೇಚರ್ ಇದ್ದರೂ ಬಿಸಿಗೂ ಅದಕ್ಕೂ ಸಂಬಂಧ ಇಲ್ಲ. ಏರಿಳಿತದ ವೇಗದ ವರ್ಗದ ಸರಾಸರಿಯ ಮೂರನೇ ಒಂದು ಭಾಗ ಅದು. ಈ ಎರಡನ್ನೂ ನೋಡದೆ "ಸರಾಸರಿ ವೇಗ ಸೊನ್ನೆ, ಕಣಗಳು ನಿಂತಿವೆ" ಅನ್ನಬೇಡಿ.

ಕಾಲದ ಸರಾಸರಿ ತೆಗೆಯುವಾಗ ದೊಡ್ಡ ಬಲೆ ಇದೆ. ಒಂದೇ ಸೆಲ್ ನೋಡಿ. ಒಂದು ಕ್ಷಣ ಅಲ್ಲಿ ಕಣಗಳು ಒತ್ತಾಗಿವೆ, ಪಾಲು 0.5, 0.1 ಮೀ/ಸೆ ವೇಗದಲ್ಲಿ ಕೆಳಗೆ ಜಾರುತ್ತಿವೆ. ಇನ್ನೊಂದು ಕ್ಷಣ ಗುಳ್ಳೆ ಹಾದುಹೋಗುತ್ತದೆ, ಪಾಲು 0.01, ಇದ್ದ ಬದ್ದ ಕಣ 1 ಮೀ/ಸೆ ಮೇಲಕ್ಕೆ ಚಿಮ್ಮುತ್ತದೆ. ಸುಮ್ನೆ ಸರಾಸರಿ ಮಾಡಿದರೆ 0.45 ಮೀ/ಸೆ ಮೇಲಕ್ಕೆ. ಘನದ ಪಾಲಿನಿಂದ ತೂಗಿ ಸರಾಸರಿ ಮಾಡಿದರೆ ಸುಮಾರು 0.08 ಮೀ/ಸೆ ಕೆಳಕ್ಕೆ. ದಿಕ್ಕೇ ತಿರುಗಿತು! ಎರಡನೆಯದಕ್ಕೆ ಫಾವ್ರ್ ಸರಾಸರಿ ಅನ್ನುತ್ತಾರೆ, ಸರಕು ಯಾವ ಕಡೆ ಹೋಗುತ್ತಿದೆ ಅನ್ನುವುದಕ್ಕೆ ಅದೇ ಬೇಕು. ಎಷ್ಟೋ ಸಾಲ್ವರ್‌ಗಳಲ್ಲಿ ಟೈಮ್ ಆವರೇಜ್ ಬಟನ್ ಒತ್ತಿದರೆ ಸಿಗುವುದು ಮೊದಲನೆಯದು. ಹಾಗಾಗಿ ಪಾಲು ಗುಣಿಸು ವೇಗ ಅನ್ನುವ ಒಂದು ಕಸ್ಟಮ್ ಫೀಲ್ಡ್ ಮಾಡಿ ಅದನ್ನು ಸರಾಸರಿಗೆ ಹಾಕಿ, ಪಾಲನ್ನೂ ಹಾಕಿ, ಆಮೇಲೆ ಭಾಗಿಸಿ.

ಎಷ್ಟು ಕಣ, ಎಷ್ಟು ಹೊತ್ತು ಸಾಕು?

ಒಂದಕ್ಕೊಂದು ಸಂಬಂಧವಿಲ್ಲದ ಮಾದರಿಗಳಾದರೆ, ಅಂದರೆ ಸ್ಯಾಂಪಲ್‌ಗಳಾದರೆ, ಸರಾಸರಿಯ ಅನಿಶ್ಚಿತತೆ ಮಾದರಿ ಸಂಖ್ಯೆಯ ವರ್ಗಮೂಲದ ಹಾಗೆ ಇಳಿಯುತ್ತದೆ. ಏರಿಳಿತ 0.3 ಮೀ/ಸೆ ಇದ್ದರೆ 100 ಮಾದರಿಗೆ 0.03, 10,000 ಮಾದರಿಗೆ 0.003 ಮೀ/ಸೆ. ಆದರೆ ಒಂದೇ ಕಣವನ್ನು ಸತತ ಸಾವಿರ ಟೈಮ್ ಸ್ಟೆಪ್ ನೋಡಿದರೆ ಅದು ಸಾವಿರ ಮಾದರಿ ಅಲ್ಲ, ಒಂದೇ ಮಾತನ್ನು ಸಾವಿರ ಸಾರಿ ಕೇಳಿದ ಹಾಗೆ. ಹರಿವಿನ ನೆನಪು (ಈಗಿನ ವೇಗಕ್ಕೂ ಮುಂದಿನ ವೇಗಕ್ಕೂ ಸಂಬಂಧ ಉಳಿಯುವ ಹೊತ್ತು) 0.2 ಸೆಕೆಂಡ್ ಇದ್ದು ನೀವು 10 ಸೆಕೆಂಡ್ ಸರಾಸರಿ ಮಾಡಿದರೆ, ಒಂದು ಬಿಂದುವಿನಲ್ಲಿ ನಿಜವಾಗಿ ಸಿಕ್ಕಿದ್ದು, ಎರಡು ನೆನಪಿನ ಅವಧಿಗೊಂದರಂತೆ, ಸುಮಾರು 25 ಸ್ವತಂತ್ರ ಮಾದರಿ, ಸ್ಟೆಪ್ ಎಷ್ಟು ಸಣ್ಣದಿದ್ದರೂ ಅಷ್ಟೇ.

ಆರಂಭದ ಭಾಗವನ್ನು ಬಿಸಾಕಿ. ಒಂದೆರಡು ವಾಸದ ಸಮಯ (ಒಳಗೆ ಬಂದ ಕಣ ಹೊರಗೆ ಹೋಗಲು ಹಿಡಿಯುವ ಹೊತ್ತು) ಕಳೆದ ಮೇಲೆ ಸರಾಸರಿ ಶುರು ಮಾಡಿ, ಸಮಯವನ್ನು ಎರಡು ಅರ್ಧ ಮಾಡಿ ಎರಡೂ ಒಂದೇ ಉತ್ತರ ಕೊಡುತ್ತವಾ ನೋಡಿ. ಕೊಡದಿದ್ದರೆ ಇನ್ನೂ ಓಡಿಸಬೇಕು, ಬೇರೆ ದಾರಿ ಇಲ್ಲ.

ಮೆಶ್ (ಸೆಲ್‌ಗಳ ಬಲೆ) ಸಣ್ಣದು ಮಾಡಿದಷ್ಟೂ ಕಣದ ವೇಗ ನಿಖರ ಆಗುತ್ತದಲ್ವಾ?

ಒಂದು ಹಂತದವರೆಗೆ ಹೌದು, ಆಮೇಲೆ ಉಲ್ಟಾ. ಪಾಯಿಂಟ್ ಪಾರ್ಟಿಕಲ್ ಮಾದರಿಯಲ್ಲಿ ಕಣಕ್ಕೆ ಗಾತ್ರ ಇಲ್ಲ, ಅದು ಸೆಲ್‌ಗಿಂತ ಚಿಕ್ಕದು ಅನ್ನುವ ಊಹೆಯ ಮೇಲೇ ಎಲ್ಲ ನಿಂತಿದೆ. ಸೆಲ್ ಕಣದಷ್ಟೇ ಆದರೆ, ಎರಡೂ ಕಡೆ ಜೋಡಣೆ ಇರುವ, ಅಂದರೆ ಕಣವೂ ಹರಿವನ್ನು ತಳ್ಳುವ, ಲೆಕ್ಕದಲ್ಲಿ ಕಣ ತಾನು ಎಳೆದುಕೊಂಡು ಹೋದ ಗಾಳಿಯನ್ನೇ ಸುತ್ತಲಿನ ಗಾಳಿ ಅಂದುಕೊಳ್ಳುತ್ತದೆ. ಸ್ಲಿಪ್ ಕಡಿಮೆ ಕಾಣುತ್ತದೆ, ಡ್ರ್ಯಾಗ್ ಕಡಿಮೆಯಾಗುತ್ತದೆ, ಬೀಳುವ ಕಣ ಇರಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತದೆ. ಡೆಮ್ (ಕಣಗಳ ಡಿಕ್ಕಿಯನ್ನು ಒಂದೊಂದಾಗಿ ಲೆಕ್ಕ ಹಾಕುವ ವಿಧಾನ) ಜೊತೆ ಜೋಡಿಸಿದ ಲೆಕ್ಕದಲ್ಲಿ ಸೆಲ್ ಅಗಲ ಕಣದ ವ್ಯಾಸದ ಮೂರು ಪಟ್ಟಾದರೂ ಇರಲಿ ಅನ್ನುವುದು ರೂಢಿ.

ಫ್ಲೂಯಿಡ್ ವೇಗವನ್ನು ಕಣದ ಜಾಗಕ್ಕೆ ತರುವ ರೀತಿಯೂ ಮುಖ್ಯ. ಸೆಲ್ ಮಧ್ಯದ ಬೆಲೆಯನ್ನೇ ಕೊಟ್ಟರೆ ಕಣ ಸೆಲ್ ಗಡಿ ದಾಟಿದಾಗಲೆಲ್ಲ ಮೆಟ್ಟಿಲು ಹತ್ತಿದ ಹಾಗೆ ಕುಲುಕುತ್ತದೆ. ಓಪನ್‌ಫೋಮ್‌ನಲ್ಲಿ ವೇಗಕ್ಕೆ ಸೆಲ್ ಬದಲು ಸೆಲ್‌ಪಾಯಿಂಟ್ ಆಯ್ಕೆ (ಸೆಲ್ ಮಧ್ಯ ಮತ್ತು ಮೂಲೆಗಳ ಬೆಲೆಗಳ ನಡುವೆ ಅಂದಾಜು) ಕೊಟ್ಟರೆ ಗೋಡೆಯ ಹತ್ತಿರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಟೈಮ್ ಸ್ಟೆಪ್ ಎಷ್ಟಿರಬೇಕು?

ರಿಲ್ಯಾಕ್ಸೇಶನ್ ಟೈಮ್‌ಗಿಂತ ಚೆನ್ನಾಗಿ ಕಡಿಮೆ. ಈಗಿನ ಬೆಲೆಯಿಂದಲೇ ಮುಂದಿನದನ್ನು ತೆಗೆಯುವ ಎಕ್ಸ್‌ಪ್ಲಿಸಿಟ್ ಆಯ್ಲರ್ ವಿಧಾನದಲ್ಲಿ ಸ್ಟೆಪ್ ಅದನ್ನು ಮೀರಿದರೆ ವೇಗ ಆಚೆ ಈಚೆ ತೂಗಾಡುತ್ತದೆ, ಎರಡು ಪಟ್ಟು ಮೀರಿದರೆ ಸಿಡಿಯುತ್ತದೆ. 1 ಮೈಕ್ರಾನ್ ಹನಿಗೆ ಆ ಸಮಯ 3 ಮೈಕ್ರೋಸೆಕೆಂಡ್ ಮಾತ್ರ. ಅಂಥದಕ್ಕೆ ದೊಡ್ಡ ಸ್ಟೆಪ್‌ನಲ್ಲೂ ಸಿಡಿಯದ ಇಂಪ್ಲಿಸಿಟ್ ಅಥವಾ ಅನಲಿಟಿಕಲ್ ಇಂಟಿಗ್ರೇಶನ್ ಆರಿಸಿ. ಕಣ ಒಂದು ಸ್ಟೆಪ್‌ನಲ್ಲಿ ಒಂದಕ್ಕಿಂತ ಜಾಸ್ತಿ ಸೆಲ್ ಹಾರದ ಹಾಗೆಯೂ ನೋಡಿಕೊಳ್ಳಿ.

ಒಂದೇ ಜಾಗದಿಂದ ಬಿಟ್ಟ ಕಣ ಪ್ರತಿ ಸಾರಿ ಬೇರೆ ವೇಗ ತೋರಿಸುತ್ತಿದೆ. ಬಗ್ ಇದೆಯಾ?

ರ್‍ಯಾನ್ಸ್ ಜೊತೆ ರ್‍ಯಾಂಡಮ್ ವಾಕ್ ಆನ್ ಆಗಿದೆ, ಅಷ್ಟೇ. ರ್‍ಯಾನ್ಸ್ ಅನ್ನುವ ಟರ್ಬುಲೆನ್ಸ್ ಮಾದರಿ ಕೊಡುವುದು ಸರಾಸರಿ ಹರಿವು. ಕಣಕ್ಕೆ ಸುಳಿಗಳ ಏಟು ಕೊಡಲು ರ್‍ಯಾಂಡಮ್ ವಾಕ್ ಮಾದರಿ ದಾಳ ಉರುಳಿಸುತ್ತದೆ. ಟರ್ಬುಲೆಂಟ್ ಚಲನಶಕ್ತಿಯ ಮೂರನೇ ಎರಡು ಭಾಗದ ವರ್ಗಮೂಲ ಆ ಏಟಿನ ಅಳತೆ. ಚಲನಶಕ್ತಿ 0.06 ಮೀ²/ಸೆ² ಇದ್ದರೆ ಏಟು ಸುಮಾರು 0.2 ಮೀ/ಸೆ. ಒಂದು ಕಣದ ದಾರಿಗೆ ಇಲ್ಲಿ ಅರ್ಥವೇ ಇಲ್ಲ, ನೂರಾರು ಸಾರಿ ಬಿಟ್ಟು ಹರಡಿಕೆಯನ್ನು ನೋಡಬೇಕು. ಗೋಡೆಯ ಹತ್ತಿರ ಈ ಮಾದರಿಯನ್ನು ಜಾಸ್ತಿ ನಂಬಬೇಡಿ. ಅದು ಎಲ್ಲ ದಿಕ್ಕಿಗೂ ಒಂದೇ ಏಟು ಅಂದುಕೊಳ್ಳುತ್ತದೆ, ನಿಜದಲ್ಲಿ ಗೋಡೆಗೆ ಲಂಬವಾದ ಏರಿಳಿತ ಬಹಳ ಕಡಿಮೆ. ಹಾಗಾಗಿ ಸಣ್ಣ ಕಣಗಳು ಗೋಡೆಗೆ ಬಡಿಯುವ ವೇಗವೂ ಅಂಟುವ ಪ್ರಮಾಣವೂ ಜಾಸ್ತಿ ಬರುತ್ತವೆ.

ನನ್ನ ಸೆಟಪ್ ಸರಿ ಇದೆ ಅಂತ ಹೇಗೆ ಗೊತ್ತಾಗಬೇಕು?

ದೊಡ್ಡ ಕೇಸ್ ಬದಿಗಿಡಿ. ನಿಂತ ಗಾಳಿಯಲ್ಲಿ ಒಂದೇ ಒಂದು ಕಣ ಬೀಳಿಸಿ. 10 ಮೈಕ್ರಾನ್ ನೀರಹನಿಯ ಕೊನೆಯ ವೇಗ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಬರಬೇಕು. ಒಂದು ರಿಲ್ಯಾಕ್ಸೇಶನ್ ಟೈಮ್ ಕಳೆದಾಗ ಅದರ 63 ಶೇಕಡಾ, ಮೂರು ಕಳೆದಾಗ 95 ಶೇಕಡಾ ತಲುಪಿರಬೇಕು. ಮುಂದೆ 100 ಮೈಕ್ರಾನ್ ಹನಿ. ಸ್ಟೋಕ್ಸ್ ಸೂತ್ರ 0.30 ಮೀ/ಸೆ ಅನ್ನುತ್ತದೆ, ರೆನಾಲ್ಡ್ಸ್ ಸಂಖ್ಯೆ ಏರಿದಾಗಲೂ ಹೊಂದುವ ಷಿಲ್ಲರ್ ನೌಮನ್ ಡ್ರ್ಯಾಗ್ ಸೂತ್ರ ಹಾಕಿದರೆ 0.25 ಬರುತ್ತದೆ, ಎರಡನೆಯದು ಸರಿ. ನಿಮಗೆ 0.30 ಬಂದರೆ ಡ್ರ್ಯಾಗ್ ಆಯ್ಕೆ ಮೆನುವಿನಲ್ಲೇ ಉಳಿದಿದೆ, ಲೆಕ್ಕಕ್ಕೆ ಇಳಿದಿಲ್ಲ.

ನೀರಿನಲ್ಲಿ ಗುಳ್ಳೆ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ನಿಂತ ಗುಳ್ಳೆಯನ್ನು ಬಿಟ್ಟ ಕ್ಷಣದಲ್ಲಿ ವೇಗೋತ್ಕರ್ಷ ಗುರುತ್ವದ ಸುಮಾರು ಎರಡು ಪಟ್ಟು ಇರಬೇಕು, ಯಾಕೆಂದರೆ ಗುಳ್ಳೆ ತನ್ನ ಗಾತ್ರದ ಅರ್ಧದಷ್ಟು ನೀರನ್ನೂ ಜೊತೆಗೆ ತಳ್ಳಬೇಕು. ಈ ಹೆಚ್ಚುವರಿ ಭಾರವನ್ನು, ಅಂದರೆ ಆಡೆಡ್ ಮಾಸನ್ನು, ಆನ್ ಮಾಡದಿದ್ದರೆ ಅದು ನೂರಾರು ಪಟ್ಟು ಬರುತ್ತದೆ. ಗಾಳಿಯಲ್ಲಿ ಮರಳಿನ ಕಣಕ್ಕೆ ಇದನ್ನು ಮರೆತರೂ ನಡೆಯುತ್ತದೆ, ಗುಳ್ಳೆಗೆ ನಡೆಯುವುದಿಲ್ಲ.

ಕಣದ ಪಾಲು ಎಷ್ಟು ಅಂತಲೂ ನೋಡಿ. ಎಲ್ಗೊಬಾಶಿ ಅನ್ನುವ ಸಂಶೋಧಕ 1994ರಲ್ಲಿ ಕೊಟ್ಟ ನಕ್ಷೆ ಈಗಲೂ ಬಳಕೆಯಲ್ಲಿದೆ: ಗಾತ್ರದ ಪಾಲು ದಶಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಕಣ ಹರಿವಿಗೆ ಏನೂ ಮಾಡುವುದಿಲ್ಲ, ಸಾವಿರಕ್ಕೆ ಒಂದರವರೆಗೆ ಎರಡೂ ಕಡೆ ಜೋಡಣೆ ಬೇಕು, ಅದಕ್ಕಿಂತ ಜಾಸ್ತಿ ಇದ್ದರೆ ಕಣಗಳ ನಡುವಿನ ಡಿಕ್ಕಿಯೂ ಬೇಕು.

ಪ್ರಯೋಗದ ವೇಗಕ್ಕೆ ಹೊಂದುತ್ತಿಲ್ಲ. ಮಾದರಿ ತಪ್ಪಾ?

ಇರಬಹುದು. ಆದರೆ ಡ್ರ್ಯಾಗ್ ಗುಣಾಂಕವನ್ನು ತಿರುಚಲು ಹೊರಡುವ ಮೊದಲು ಇಬ್ಬರೂ ಒಂದೇ ವಸ್ತುವನ್ನು ಅಳೆಯುತ್ತಿದ್ದೀರಾ ಅಂತ ನೋಡಿ. ಪಿಐವಿ (ಲೇಸರ್ ಬೆಳಕಿನ ಹಾಳೆಯಲ್ಲಿ ಕಣಗಳ ಎರಡು ಫೋಟೋ ಹೋಲಿಸಿ ಅಳೆಯುವ ವಿಧಾನ) ಒಂದು ಚೌಕದೊಳಗಿನ ಕಣಗಳ ಸರಾಸರಿ ಚಲನೆ ಕೊಡುತ್ತದೆ, ಒಂದು ಕ್ಯಾಮೆರಾ ಇದ್ದರೆ ಹಾಳೆಯ ಮೇಲಿನ ಎರಡು ಭಾಗ ಮಾತ್ರ. ದೊಡ್ಡ ಕಣ ಜಾಸ್ತಿ ಹೊಳೆಯುತ್ತದೆ, ಸರಾಸರಿಯನ್ನು ತನ್ನ ಕಡೆ ಎಳೆಯುತ್ತದೆ. ಒತ್ತಾದ ಬೆಡ್‌ನಲ್ಲಿ ಕ್ಯಾಮೆರಾಕ್ಕೆ ಕಾಣುವುದು ಗಾಜಿಗೆ ಅಂಟಿದ ಮೊದಲ ಪದರ ಮಾತ್ರ. ಅದನ್ನು ನೀವು ಇಡೀ ದಪ್ಪದ ಸರಾಸರಿಗೆ ಹೋಲಿಸಿದರೆ ಹೊಂದುವುದು ಹೇಗೆ? ಒಳಗೆ ನೋಡಲು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಪಾಸಿಟ್ರಾನ್ ಟ್ರ್ಯಾಕಿಂಗ್‌ನಂಥ ವಿಧಾನ ಬೇಕು. ಅದೂ ಒಂದೇ ಕಣವನ್ನು ಬಹಳ ಹೊತ್ತು ಹಿಂಬಾಲಿಸಿ ಕಾಲದ ಸರಾಸರಿ ಕೊಡುತ್ತದೆ, ಒಂದು ಕ್ಷಣದ ಚಿತ್ರ ಅಲ್ಲ.

ನನ್ನ ಮಟ್ಟಿಗೆ, ಪ್ರಯೋಗದವರ ಲೆಕ್ಕವನ್ನು ಸಿಮ್ಯುಲೇಶನ್ ಕಡೆಗೆ ಎಳೆಯುವುದಕ್ಕಿಂತ ಸಿಮ್ಯುಲೇಶನ್ ಡೇಟಾವನ್ನು ಅವರ ಉಪಕರಣ ನೋಡುವ ಹಾಗೆ ಕತ್ತರಿಸುವುದು ಸುಲಭ. ನಿಮ್ಮ ಬಳಿ ಎಲ್ಲ ಕಣಗಳ ಮಾಹಿತಿ ಇದೆ, ಅವರ ಬಳಿ ಇಲ್ಲ.

ಸವೆತಕ್ಕೆ ಯಾವ ವೇಗ ಬೇಕು?

ಬಡಿಯುವ ಮುನ್ನಿನದು, ಕೋನದ ಜೊತೆ. ಬಡಿದ ಮೇಲಿನ ವೇಗ ರೆಸ್ಟಿಟ್ಯೂಶನ್ ಗುಣಾಂಕದಿಂದ (ಬಡಿದ ಮೇಲೆ ಉಳಿಯುವ ವೇಗದ ಪಾಲು) ತಗ್ಗಿರುತ್ತದೆ. ಗೋಡೆ ಪಕ್ಕದ ಸೆಲ್‌ನ ಸರಾಸರಿ ತೆಗೆದರೆ ಬರುವ ಕಣ, ಹೋಗುವ ಕಣ ಎರಡೂ ಕಲಸಿಹೋಗಿ ಲಂಬ ಭಾಗ ಬಹುತೇಕ ಮಾಯವಾಗುತ್ತದೆ. ಲೋಹದ ಸವೆತ ಸಾಮಾನ್ಯವಾಗಿ ವೇಗದ ಎರಡರಿಂದ ಮೂರನೇ ಘಾತದ ಹಾಗೆ ಏರುತ್ತದೆ. ಘಾತ 2.5 ಇದ್ದರೆ ವೇಗದ ಹತ್ತು ಶೇಕಡಾ ತಪ್ಪು ಸವೆತದಲ್ಲಿ 27 ಶೇಕಡಾ ಆಗುತ್ತದೆ.

ತಿರುಗುವ ಯಂತ್ರದಲ್ಲಿ?

ಯಾವ ಚೌಕಟ್ಟಿನಲ್ಲಿ, ನಿಂತದ್ದೋ ಯಂತ್ರದ ಜೊತೆ ತಿರುಗುವುದೋ, ಅಂತ ಮೊದಲು ನೋಡಿ. 0.1 ಮೀಟರ್ ತ್ರಿಜ್ಯದ ಇಂಪೆಲ್ಲರ್ ನಿಮಿಷಕ್ಕೆ 600 ಸುತ್ತು ತಿರುಗಿದರೆ ತುದಿಯ ವೇಗ 6.3 ಮೀ/ಸೆ. ಸಾಪೇಕ್ಷ ವೇಗವನ್ನು ನಿಜವಾದ ವೇಗ ಅಂದುಕೊಂಡರೆ ಅಷ್ಟೂ ತಪ್ಪು.

ಎಸ್‌ಪಿಎಚ್, ಲ್ಯಾಟಿಸ್ ಬೋಲ್ಟ್ಸ್‌ಮನ್, ಅಕೌಸ್ಟಿಕ್ಸ್‌ನಲ್ಲೂ ಕಣದ ವೇಗ ಅನ್ನುತ್ತಾರಲ್ಲ?

ಹೆಸರು ಒಂದೇ, ವಸ್ತು ಬೇರೆ. ಮೊದಲೆರಡು ಹರಿವನ್ನು ಲೆಕ್ಕ ಹಾಕುವ ಬೇರೆ ವಿಧಾನಗಳು, ಮೂರನೆಯದು ಶಬ್ದದ ವಿಜ್ಞಾನ. ಎಸ್‌ಪಿಎಚ್‌ನ ಕಣ ಅಂದರೆ ಫ್ಲೂಯಿಡ್‌ನದೇ ಒಂದು ತುಣುಕು. ಅದರ ವೇಗ ಫ್ಲೂಯಿಡ್ ವೇಗ. ಲ್ಯಾಟಿಸ್ ಬೋಲ್ಟ್ಸ್‌ಮನ್‌ನಲ್ಲಿ ಕಣದ ವೇಗಗಳು ಮೊದಲೇ ನಿಗದಿಯಾದ ಕೆಲವೇ ವೇಗಗಳು, ಡಿ2ಕ್ಯೂ9 ಅನ್ನುವ ಎರಡು ಆಯಾಮದ ಜಾಲದಲ್ಲಿ ನಿಂತಿರುವುದೂ ಸೇರಿ ಒಂಬತ್ತು. ಅವನ್ನು ಅಳೆಯುವ ಪ್ರಶ್ನೆಯೇ ಇಲ್ಲ, ಅವುಗಳ ತೂಕದ ಮೊತ್ತದಿಂದ ಹರಿವಿನ ವೇಗ ತೆಗೆಯುತ್ತಾರೆ. ಅಕೌಸ್ಟಿಕ್ಸ್‌ನಲ್ಲಿ ಅದು ಶಬ್ದದ ಅಲೆ ಹಾದುಹೋಗುವಾಗ ಗಾಳಿ ತೂಗಾಡುವ ವೇಗ. 1 ಪಾಸ್ಕಲ್‌ನ ಸಮತಲ ಅಲೆಗೆ ಸೆಕೆಂಡಿಗೆ 2.4 ಮಿಲಿಮೀಟರ್ ಮಾತ್ರ, ಶಬ್ದದ ವೇಗವಾದ 343 ಮೀ/ಸೆ ಜೊತೆ ಅದನ್ನು ಕಲಸಬೇಡಿ.

ಬೆರಳೆಣಿಕೆಯ ಕಣಗಳ ವೇಗ ಮಾತ್ರ ಹುಚ್ಚಾಪಟ್ಟೆ ಬರುತ್ತಿದೆ. ಅಳಿಸಿಬಿಡಲಾ?

ಮೊದಲು ಎಲ್ಲಿವೆ ನೋಡಿ. ಎಲ್ಲ ಒಂದೇ ಜಾಗದಲ್ಲಿ ಹುಟ್ಟುತ್ತಿದ್ದರೆ ಅಲ್ಲೊಂದು ಕೆಟ್ಟ ಸೆಲ್ ಇದೆ. ಮೊದಲ ಸ್ಟೆಪ್‌ನಲ್ಲೇ ಚಿಮ್ಮಿದ್ದರೆ ಡೆಮ್‌ನಲ್ಲಿ ಕಣಗಳನ್ನು ಒಂದರ ಮೇಲೊಂದು ತೂರಿಸಿ ಬಿಟ್ಟಿದ್ದೀರಿ, ಸ್ಪ್ರಿಂಗ್ ಬಿಚ್ಚಿಕೊಂಡಿದೆ. ಆವಿಯಾಗುತ್ತಿರುವ ಹನಿಗಳಾದರೆ ದ್ರವ್ಯರಾಶಿ ಸೊನ್ನೆಯ ಹತ್ತಿರ ಹೋಗಿದೆ, ಕನಿಷ್ಠ ವ್ಯಾಸ ಕೊಟ್ಟು ಅಲ್ಲಿ ನಿಲ್ಲಿಸಿ. ಆಯ್ಲೀರಿಯನ್ ಆದರೆ ಘನದ ಪಾಲು ಇಲ್ಲವೆನ್ನುವಷ್ಟು ಕಡಿಮೆ ಇರುವ ಸೆಲ್‌ಗಳನ್ನು ಬಣ್ಣ ಹಚ್ಚುವಾಗಲೇ ಬಿಟ್ಟುಬಿಡಿ, ಅಲ್ಲಿನ ವೇಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ ಹಾಗೆ. ಎಲ್ಲ ಕಣಗಳೂ ಒಟ್ಟಿಗೆ ಅಸಂಬದ್ಧ ಅನ್ನಿಸಿದರೆ ಜ್ಯಾಮಿತಿ ಮಿಲಿಮೀಟರಿನಲ್ಲಿ ಬಂದು ಮೀಟರ್ ಅಂತ ಓದಿಕೊಂಡಿದೆಯಾ ನೋಡಿ. ಇದ್ಯಾವುದೂ ಅಲ್ಲ ಅಂತ ಖಾತ್ರಿ ಆಗುವವರೆಗೆ ಅಳಿಸಬೇಡಿ, ಗರಿಷ್ಠ ವೇಗದ ಬದಲು 99ನೇ ಪರ್ಸೆಂಟೈಲ್ (ನೂರರಲ್ಲಿ 99 ಕಣಗಳು ಮೀರದ ವೇಗ) ಬರೆದು ಹಾಗೆ ಬರೆದಿದ್ದೇನೆ ಅಂತ ಪಕ್ಕದಲ್ಲೇ ಹೇಳಿ.